ಹರಳು ಹೊತ್ತು ಹೋದದ್ದು, ಅಧ್ಯಕ್ಷರಿಗೆ ಒಪ್ಪಿಸಿದ ವರದಿ

ಇಡೀ ಖಂಡಕ್ಕೆ ಸೇರಿದ ಒಂದೇ ಒಂದು ಎಕ್ಸ್-ರೇ ಮಹಾಯಂತ್ರವನ್ನು ಯಾವ ದೇಶದಲ್ಲಿ ಕಟ್ಟಬೇಕೆಂದು ಹದಿನಾಲ್ಕು ವರ್ಷಗಳಿಂದ ಆಲೋಚಿಸುತ್ತಿರುವ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ, ಪಶುರೋಗ ಪ್ರಯೋಗಾಲಯದ ತಂತ್ರಜ್ಞೆಯೊಬ್ಬಳು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಲಾಂಛನಕ್ಕೆ ಯಾವ ನೀಲಿ ಬಣ್ಣ ಎಂಬುದು ತಮ್ಮ ಹನ್ನೊಂದನೆಯ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತೆಂದು ಓದಿ ಹಿಗ್ಗಿದೆ. ಆ ಹಿಗ್ಗಿನಲ್ಲೇ ನನ್ನದೊಂದು ಪ್ರಯಾಣದ ವರದಿ ಒಪ್ಪಿಸುತ್ತೇನೆ.

ಆಡುಗಳನ್ನು ಕೊಲ್ಲುವ ಜ್ವರವೊಂದರ ವೈರಸ್ಸಿನ ಪ್ರೋಟೀನಿನಿಂದ ಎಂಟು ತಿಂಗಳು ಹೆಣಗಾಡಿ ಹನ್ನೆರಡು ಹರಳು ಬೆಳೆಸಿದ್ದೆ, ಒಂದೊಂದೂ ಸಾಸಿವೆಗಿಂತ ಸಣ್ಣದು. ಅವುಗಳ ಒಳರೂಪ ಕಂಡರೆ ಲಸಿಕೆಗೆ ದಾರಿ. ಅದನ್ನು ತೋರಿಸಬಲ್ಲ ಯಂತ್ರ ನಮ್ಮಲ್ಲಿ ತಮ್ಮ ಕಡತದೊಳಗೆ ಮಾತ್ರ ಇರುವುದರಿಂದ, ಬೇರೆ ಖಂಡದವರು ಅಲ್ಲಿನ ಯಂತ್ರದ ಮೇಲೆ ದಯಪಾಲಿಸಿದ ಆರು ಗಂಟೆಗಳಿಗಾಗಿ, ಹರಳುಗಳಿದ್ದ ಶೀತಲ ಫ್ಲಾಸ್ಕನ್ನು ಕಂಕುಳಲ್ಲಿ ಅವಚಿಕೊಂಡು ಹೊರಟೆ.

ನಡುದಾರಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಒಳಗೇನೆಂದು ಕೇಳಿದರು. ಹರಳು ಎಂದೆ. "ಹರಳಾ? ಹಾಗಾದ್ರೆ ಮುಚ್ಚಳ ತೆಗೀರಿ" ಎಂದರು. ಹತ್ತನ್ನು ಮೇಜಿನ ಮೇಲಿಟ್ಟು, ವಜ್ರವೋ ಅಲ್ಲವೋ ಎಂದು ಹೇಳಬಲ್ಲವರಿಗಾಗಿ ಮುಕ್ಕಾಲು ಗಂಟೆ ಕಾದರು. ಹತ್ತೂ ಕರಗಿದವು. ತಳದಲ್ಲಿದ್ದ ಎರಡು ಅವರ ಕಣ್ಣಿಗೆ ಬೀಳದೆ ಬದುಕಿಕೊಂಡವು.

ಯಂತ್ರದ ಮುಂದೆ ಮೊದಲನೆಯದು ಒಡೆಯಿತು. ಎರಡನೆಯದು ಏನೋ ತೋರಿಸತೊಡಗಿದಾಗ ನನ್ನ ಆರು ಗಂಟೆ ಮುಗಿದಿತ್ತು. ಮುಂದಿನ ಸರದಿಯ ರಸಾಯನಶಾಸ್ತ್ರಜ್ಞೆ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ, "ಮುಗಿಸ್ಕೊಳ್ಳಿ ಅಕ್ಕಾ, ನಂದು ಆಮೇಲೆ ಆಗತ್ತೆ" ಎಂದು ತನ್ನ ಎರಡು ಗಂಟೆ ಬಿಟ್ಟುಕೊಟ್ಟಳು. ಪರದೆಯ ಮೇಲೆ, ಹರಳಿನ ಒಳರೂಪ ಹೇಳುವ ಚುಕ್ಕಿಗಳು ಅಚ್ಚುಕಟ್ಟಾಗಿ ಮೂಡಿದವು. ನನಗೆ ಅಳು ಬಂತು. "ಅಳೋದು ಇರ್ಲಿ, ಮೊದಲು ಸೇವ್ ಮಾಡಿ" ಎಂದಳು.

ಅವಳ ಊರು ಯಾವುದೆಂದು ಆಮೇಲೆ ವಿಚಾರಿಸಿದೆ. ಗಡಿಯಾಚೆ, ನಮ್ಮ ಪ್ರಯೋಗಾಲಯದಿಂದ ಬಸ್ಸಿನಲ್ಲಿ ನಾಲ್ಕು ಗಂಟೆ. ಆರು ವರ್ಷಗಳಿಂದ ಅವಳೂ ಅದೇ ಜ್ವರದ ಬೆನ್ನು ಹತ್ತಿದ್ದಾಳೆ. ತಾವು ಅವಸರಪಟ್ಟು ಯಂತ್ರ ಕಟ್ಟಿಬಿಟ್ಟಿದ್ದರೆ ನಾವು ಬಸ್ಸಿನಲ್ಲಿ ಹೋಗಿ ಸುಮ್ಮನೆ ಪರಿಚಯವಾಗುತ್ತಿದ್ದೆವು. ಸಮುದ್ರ ದಾಟಿ ನೆರೆಯವಳನ್ನು ಕಾಣುವ ಭಾಗ್ಯ ತಮ್ಮ ವಿಳಂಬದಿಂದಲೇ ಲಭಿಸಿತು.

ಆದ್ದರಿಂದ ಯಂತ್ರವನ್ನು ನಿಧಾನವಾಗಿ ಕಟ್ಟಿ. ಅದರ ಕ್ಯಾಂಟೀನನ್ನು ಮಾತ್ರ ಈ ವರ್ಷವೇ, ಯಾವ ದೇಶದಲ್ಲಾದರೂ ಸರಿ, ತೆರೆಯಿರಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯಲು ನಮಗೆ ಎರಡು ಲೋಟ ಚಹಾ ಸಾಕು.

ಇನ್ನು ಹನ್ನೆರಡು ವರ್ಷಕ್ಕೆ ನಿವೃತ್ತಳಾಗಲಿರುವ,
ತಮ್ಮ ವಿಶ್ವಾಸಿ,
ಪಶುರೋಗ ಪ್ರಯೋಗಾಲಯದ ತಂತ್ರಜ್ಞೆ

ಬರೆಯಲು ಮರೆತದ್ದು: ಎಲ್ಲ ಸದಸ್ಯರೂ ಕೂರುವಷ್ಟು ದೊಡ್ಡ ಕೋಣೆ ನಮ್ಮ ಖಂಡದಲ್ಲೆಲ್ಲೂ ಸಿಗದೆ ಮುಂದಿನ ಸಭೆಯನ್ನೂ ಸಮುದ್ರದಾಚೆಯೇ ಇಟ್ಟುಕೊಂಡಿದ್ದೀರೆಂದು ತಿಳಿಯಿತು. ನಮ್ಮ ದಾಸ್ತಾನು ಕೋಣೆ ಖಾಲಿ ಇದೆ. ಬರುವವರು ಕುರ್ಚಿ ತಂದುಕೊಂಡರಾಯಿತು, ಹೇಗೂ ಕುರ್ಚಿ ಬಿಟ್ಟಿರುವುದು ತಮಗೆ ರೂಢಿಯಿಲ್ಲ.