ನಮ್ಮ ತೊಟ್ಟಿಯಲ್ಲಿರುವ ಲಭ್ಯವಿಲ್ಲದ ಪ್ರಾಣಿಯ ಕುರಿತು

ಇವರಿಗೆ,
ಮುಖ್ಯಸ್ಥರು, ಪ್ರಾದೇಶಿಕ ಲಭ್ಯತಾ ವಿಭಾಗ,
ಅಪರೂಪದ ಸಾಕುಪ್ರಾಣಿಗಳ ಸರಬರಾಜು ಸಂಸ್ಥೆ.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಗೋದಾಮಿನಲ್ಲಿ ಗಿರಾಕಿಗಳ ದಾರಿ ಕಾಯುತ್ತಿರುವ ಉಡ, ಹಾವು, ಜೇಡ, ಮುಳ್ಳುಹಂದಿ ಮುಂತಾದ ಸಕಲರೂ ಕ್ಷೇಮವಾಗಿದ್ದೀರೆಂದು ನಂಬಿ, ಬಟ್ಟೆ ಒಗೆದು ಬದುಕುವ ನಾನು ಎರಡೂ ಕೈ ಮುಗಿದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕೈ ಒದ್ದೆಯಾಗಿರುವುದರಿಂದ ಅಲ್ಲಲ್ಲಿ ಅಕ್ಷರ ಹರಡಿದ್ದರೆ ಮನ್ನಿಸಬೇಕು. ಇದನ್ನು ತಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ಹಿಂದೆ ಬರೆದ ಆರು ಪತ್ರಗಳೂ ‘ತಮ್ಮ ಪ್ರದೇಶದಲ್ಲಿ ಈ ಸೇವೆ ಲಭ್ಯವಿಲ್ಲ’ ಎಂಬ ಅಂದವಾದ ಮುದ್ರೆ ಹಾಕಿಸಿಕೊಂಡು ತವರಿಗೆ ಮರಳಿದ್ದರಿಂದ, ಏಳನೆಯದನ್ನು ಊರವರ ಮುಂದೆಯೇ ಓದುವುದು ಲೇಸೆಂದು ತೀರ್ಮಾನಿಸಿದೆ.

ಮೊದಲು ನಮ್ಮ ಪರಿಚಯ ಹೇಳಿಬಿಡುತ್ತೇನೆ. ನಮ್ಮದು ಹೋಟೆಲಿನ ಹಾಸಿಗೆ ಬಟ್ಟೆ, ಆಸ್ಪತ್ರೆಯ ಬಿಳಿ ಕೋಟುಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ. ಉದ್ದನೆಯ ಒಂದೇ ಕಟ್ಟಡ. ರಸ್ತೆಯ ಕಡೆ ನನ್ನ ಅಕ್ಕನ ಇಸ್ತ್ರಿ ಮೇಜು, ಹಿಂದುಗಡೆ ನನ್ನ ನೆನೆಹಾಕುವ ತೊಟ್ಟಿ, ಜಾಲಿಸುವ ತೊಟ್ಟಿ, ಹಿಂಡುವ ಯಂತ್ರ, ನಡುವೆ ಒಂದು ಪರದೆ. ಭಾವ ತೀರಿಕೊಂಡ ಮೇಲೆ ಅಕ್ಕ ಇಲ್ಲಿಗೆ ಬಂದಾಗ ಅವರ ಒಂದು ಬಿಳಿ ಅಂಗಿಯನ್ನು ಟ್ರಂಕಿನಲ್ಲಿಟ್ಟುಕೊಂಡು ತಂದಿದ್ದಳು. ಒಂದು ದಿನ ಆ ಅಂಗಿ ಕುರ್ಚಿಯ ಬೆನ್ನಿನ ಮೇಲಿತ್ತು. ಕಾಲರಿನಲ್ಲಿ ಕೊಳೆ ಕಂಡರೆ ಸುಮ್ಮನಿರಲಾರದ ಕೈ ನನ್ನದು. ಎರಡು ಸಲ ಸೋಪು ಹಾಕಿ ಉಜ್ಜಿ, ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ ಗರಿಗರಿ ಮಾಡಿ, ಆ ಅಂಗಿಯನ್ನು ಯಾರೂ ತೊಟ್ಟೇ ಇರಲಿಲ್ಲವೇನೋ ಎಂಬಂತೆ ತಂದು ಅವಳ ಮುಂದೆ ಹಿಡಿದು, ಹೊಗಳುತ್ತಾಳೆಂದು ಕಾದು ನಿಂತೆ. ಅವಳು ಅದನ್ನು ಮೂಗಿನ ಹತ್ತಿರ ಒಯ್ದಳು, ಮಡಿಸಿ ಟ್ರಂಕಿಗೆ ಹಾಕಿದಳು, ಆಮೇಲೆ ಮೂರು ವರ್ಷ ನನ್ನೊಡನೆ ಒಂದು ಮಾತೂ ಆಡಲಿಲ್ಲ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹಾಗೆ ನೋಡಿದರೆ ಈ ಬೀದಿಯಲ್ಲಿ ನಮ್ಮಷ್ಟು ಸ್ಥಿತಿವಂತರು ಯಾರೂ ಇರಲಿಲ್ಲ. ಹೇಳಲೇಬೇಕಾದದ್ದನ್ನು ಅವಳು ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ನು ಚುಚ್ಚಿ ಪರದೆಯ ಕೆಳಗಿನಿಂದ ತಳ್ಳುತ್ತಿದ್ದಳು, ನಾನೂ ಹಾಗೆಯೇ ಉತ್ತರಿಸುತ್ತಿದ್ದೆ. ಈ ಅಂಚೆ ವ್ಯವಸ್ಥೆಯಲ್ಲಿ ಒಮ್ಮೊಮ್ಮೆ ಎಡವಟ್ಟಾಗುತ್ತಿತ್ತು. ‘ನಿನಗೆ ಕಣ್ಣು ಕಾಣಿಸುವುದಿಲ್ಲವೇ’ ಎಂದು ನನಗಾಗಿ ಬರೆದ ಚೀಟಿಯೊಂದು ಕಣ್ಣಿನ ವೈದ್ಯರ ಕೋಟಿನ ಜೊತೆ ಆಸ್ಪತ್ರೆಗೆ ಹೋಗಿ, ಅವರು ಇಡೀ ದಿನ ಅದನ್ನು ಎದೆಯ ಮೇಲೆ ಧರಿಸಿಕೊಂಡೇ ರೋಗಿಗಳನ್ನು ಪರೀಕ್ಷಿಸಿದರಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ದಿಂಬಿನ ಚೀಲವೊಂದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ, ತಮ್ಮ ಕ್ಯಾಟಲಾಗಿನಿಂದ ಕತ್ತರಿಸಿದ, ಇಲಿ ಜಾತಿಯ ಪುಟ್ಟ ಪ್ರಾಣಿಯಾದ ಗಿನಿಪಿಗ್‌ನ ಚಿತ್ರವೂ, ಅದರ ಕೆಳಗೆ ‘ಇದು ಬೇಕು’ ಎಂಬ ಎರಡೇ ಪದಗಳೂ ಇದ್ದವು. ಮೂರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ವಸ್ತು ಅದು. ಒಂದು ಗಿನಿಪಿಗ್ ಏಕೆ, ಒಂಟೆ ಕೇಳಿದ್ದರೂ ತರಿಸುತ್ತಿದ್ದೆ. ಆಗಲೇ ನಾನು ತಮ್ಮ ಕ್ಯಾಟಲಾಗಿನ ಕೊನೆಯ ಪುಟದ ಭೂಪಟವನ್ನು ನೋಡಿ ಬೆರಗಾದದ್ದು. ಜಗತ್ತಿನ ಪ್ರಾಣಿಗಳನ್ನೆಲ್ಲ ತಾವು ಒಂಬತ್ತು ಪ್ರದೇಶಗಳಿಗೆ ಎಷ್ಟು ನ್ಯಾಯವಾಗಿ ಹಂಚಿದ್ದೀರಿ! ಮೂರನೆಯ ಪ್ರದೇಶದವರಿಗೆ ಊಸರವಳ್ಳಿ ಉಂಟು, ಆಮೆ ಇಲ್ಲ. ಐದನೆಯವರಿಗೆ ಆಮೆ ಉಂಟು, ಮಳೆಗಾಲದಲ್ಲಿ ಮಾತ್ರ. ನಮ್ಮ ಏಳನೆಯ ಪ್ರದೇಶಕ್ಕೆ ಎರಡು ಬಗೆಯ ಜೇಡ, ಒಂದು ಕುರುಡು ಮೀನು ಮತ್ತು ‘ಕ್ಯಾಪಿಬರಾ’ ಎಂಬ ಹೆಸರಿನ ಏನೋ ಒಂದು. ಗಿನಿಪಿಗ್ ಬೇಕಿದ್ದವರು ಎಂಟನೆಯ ಪ್ರದೇಶದಲ್ಲಿ ಹುಟ್ಟಬೇಕಿತ್ತು. ಆದರೂ ದಯಾಳುಗಳಾದ ತಾವು, ಕೇಳಿದ ಪ್ರಾಣಿ ಇಲ್ಲದಿದ್ದಲ್ಲಿ ಅದೇ ಕುಟುಂಬದ ಇನ್ನೊಬ್ಬ ಸದಸ್ಯರನ್ನು ಕಳುಹಿಸಲಾಗುವುದು ಎಂದು ಸಣ್ಣ ಅಕ್ಷರದಲ್ಲಿ ಭರವಸೆ ಕೊಟ್ಟಿದ್ದಿರಿ. ಒಂದೇ ಮನೆತನ ತಾನೇ, ಬೆರಳಷ್ಟು ಹೆಚ್ಚುಕಡಿಮೆ ಇರಬಹುದೆಂದು ನಾನು ಒಪ್ಪಿ ಸಹಿ ಹಾಕಿದೆ.

ಇಲ್ಲಿ ನನ್ನ ಕಡೆಯ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ. ತಮ್ಮ ಅರ್ಜಿಯಲ್ಲಿ ‘ಮನೆಯಲ್ಲಿರುವ ಸಾಮರ್ಥ್ಯ’ ಎಂದೊಂದು ಅಂಕಣವಿತ್ತು. ಗೂಡಿನ ಅಳತೆಯನ್ನು ಕೇಳುತ್ತಿದ್ದೀರೆಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತೇನೋ. ಲಾಂಡ್ರಿಯವನ ತಲೆಗೆ ಸಾಮರ್ಥ್ಯವೆಂದರೆ ತೊಟ್ಟಿಯೇ; ‘ಅರವತ್ತು ಕೆಜಿ, ಬಟ್ಟೆ ಒಣಗಿದ್ದಾಗ’ ಎಂದು ಹೆಮ್ಮೆಯಿಂದ ತುಂಬಿದೆ. ತಾವು ಗಿರಾಕಿಯ ಮಾತನ್ನು ಅಕ್ಷರಶಃ ನಡೆಸಿಕೊಡುವವರು. ಬೆಟ್ಟ ಅಗೆದು ಇಲಿ ಹಿಡಿದವರ ವಿಷಯ ಕೇಳಿದ್ದೇವೆ. ಇಲಿಯಷ್ಟು ಕೇಳಿದವರಿಗೆ ಬೆಟ್ಟವನ್ನೇ ಕಳುಹಿಸಿದ ಕೀರ್ತಿ ತಮ್ಮ ಸಂಸ್ಥೆಗೆ ಮಾತ್ರ ಸಲ್ಲಬೇಕು. ಲಾರಿಯಿಂದ ಇಳಿದ ಪೆಟ್ಟಿಗೆಯನ್ನು ನಾಲ್ವರು ಹೊತ್ತು ತಂದರು. ಹಲಗೆ ತೆಗೆದರೆ ಒಳಗೆ ಕಂದು ಕೂದಲಿನ, ಮೊಂಡು ಮೂತಿಯ, ಬಾಲವೇ ಇಲ್ಲದ ಒಂದು ಗಂಭೀರ ಪ್ರಾಣಿ, ಅಂದರೆ ಆ ಕ್ಯಾಪಿಬರಾ, ನಿವೃತ್ತ ನ್ಯಾಯಾಧೀಶರಂತೆ ಅರೆಗಣ್ಣು ಮುಚ್ಚಿ ಕುಳಿತಿತ್ತು. ಅದು ಎದ್ದು, ನನ್ನನ್ನು ಮೂಸಿ, ನೇರವಾಗಿ ನಡೆದು ಹೋಗಿ, ಹೋಟೆಲಿನ ಹದಿನೆಂಟು ಟವೆಲುಗಳಿದ್ದ ಜಾಲಿಸುವ ತೊಟ್ಟಿಗೆ ಇಳಿಯಿತು.

ಪರದೆ ಸರಿಯಿತು. ಅಕ್ಕ ಬಂದು ನಿಂತಳು. ತಾನು ಬಯಸಿದ್ದ ಪ್ರಾಣಿಗೆಂದು ಮುಂಚೆಯೇ ‘ಪುಟಾಣಿ’ ಎಂದು ಕೆಂಪು ದಾರದಲ್ಲಿ ಹೊಲಿದಿಟ್ಟಿದ್ದ, ಗೇಣುದ್ದವೂ ಇಲ್ಲದ ಹೊದಿಕೆ ಅವಳ ಕೈಯಲ್ಲಿತ್ತು. ಅವಳು ಅಳುತ್ತಾಳೆಂದುಕೊಂಡೆ. ಅವಳು ಆ ಹೊದಿಕೆಯನ್ನು ಅದರ ನೆತ್ತಿಯ ಮೇಲೆ ಹಾಕಿ, ಸರಿಯಾಗಿ ಕೂರುತ್ತದೆಯೇ ಎಂದು ಹಿಂದೆ ಸರಿದು ನೋಡಿ, ನಕ್ಕಳು. ಅರವತ್ತು ಕೆಜಿಯ ಆ ಪ್ರಾಣಿಗೆ ಅಂದಿನಿಂದ ಪುಟಾಣಿ ಎಂಬುದೇ ಹೆಸರು.

ಮರುದಿನದಿಂದ ಅವಳು ಅದರೊಡನೆ ಮಾತಾಡತೊಡಗಿದಳು. ವಾರ ಕಳೆಯುವಷ್ಟರಲ್ಲಿ ಅದರ ಮೂಲಕ ನನ್ನೊಡನೆಯೂ. ಗಂಜಿ ಹೆಚ್ಚಾಗಿದೆ ಎಂದು ನಿನ್ನ ಯಜಮಾನನಿಗೆ ಹೇಳು ಪುಟಾಣಿ, ಗುಂಡಿ ಒಡೆದವರು ಯಾರೆಂದು ಕೇಳು ಪುಟಾಣಿ, ಊಟಕ್ಕೆ ಬರುವ ಮನಸ್ಸಿದೆಯೋ ಇಲ್ಲವೋ ವಿಚಾರಿಸು ಪುಟಾಣಿ, ಎಂದು ಶುರುವಾಯಿತು. ನಾನೂ ನನ್ನ ಉತ್ತರಗಳನ್ನು ಪುಟಾಣಿಯ ಸಮ್ಮುಖದಲ್ಲಿ ವಿನಯದಿಂದ ಸಲ್ಲಿಸುತ್ತಿದ್ದೆ. ಅದು ನಡುವೆ ಕುಳಿತು, ಮರದ ಕ್ಲಿಪ್ಪುಗಳನ್ನು ಒಂದೊಂದಾಗಿ ಕಡಿಯುತ್ತ, ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಯ ವಾದವನ್ನು ಕೇಳುತ್ತಿತ್ತು. ಹೀಗೆ ನಾಲ್ಕು ತಿಂಗಳು ಕಳೆದವು. ಟವೆಲಿನಲ್ಲಿ ಕೂದಲಿದೆಯೆಂದು ಜಗಳಕ್ಕೆ ಬಂದ ಹೋಟೆಲಿನ ಮ್ಯಾನೇಜರು ಕೂಡ ಅದರ ಬೆನ್ನು ಸವರುತ್ತ ಅರ್ಧ ಗಂಟೆ ಕುಳಿತು, ಬಂದ ಕೆಲಸ ಮರೆತು ಹೋದರು.

ಇಷ್ಟು ಸುಖವನ್ನು ಗಿರಾಕಿಗೆ ಸುಮ್ಮನೆ ಬಿಟ್ಟುಕೊಡುವುದು ಸಂಸ್ಥೆಯ ಘನತೆಗೆ ತಕ್ಕದ್ದಲ್ಲವೆಂದು ತಮಗೆ ಅನ್ನಿಸಿರಬೇಕು. ಪ್ರದೇಶಗಳ ಗಡಿಯನ್ನು ಮರುಪರಿಶೀಲಿಸಲಾಗಿದೆ ಎಂಬ ಸುತ್ತೋಲೆ ಬಂತು, ಅದರ ಹಿಂದೆಯೇ ತಮ್ಮ ಅಳತೆ ಅಧಿಕಾರಿ ಬಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಷ್ಟು ಖಚಿತ ಮನಸ್ಸಿನವರು. ನಮ್ಮ ನೆಲದ ಮೇಲೆ ಬಟ್ಟೆಗೆ ಗುರುತು ಹಾಕುವ ನಮ್ಮದೇ ಸೀಮೆಸುಣ್ಣದಿಂದ ಗೆರೆ ಎಳೆದು, ಇಸ್ತ್ರಿ ಮೇಜು ಏಳನೆಯ ಪ್ರದೇಶದಲ್ಲಿಯೂ ತೊಟ್ಟಿಗಳು ಎಂಟನೆಯ ಪ್ರದೇಶದಲ್ಲಿಯೂ ಬರುತ್ತವೆಂದು ತೀರ್ಪಿತ್ತರು. ಎಂಟನೆಯ ಪ್ರದೇಶದಲ್ಲಿ ಕ್ಯಾಪಿಬರಾ ಲಭ್ಯವಿಲ್ಲ. ಆದ್ದರಿಂದ ಪುಟಾಣಿ ಅಕ್ಕನ ಮೇಜಿನಡಿ ಮಲಗಿರುವಾಗ ಸಕ್ರಮ, ಸ್ನಾನಕ್ಕಿಳಿದ ಕ್ಷಣದಿಂದ ಅಕ್ರಮ. ತೊಟ್ಟಿಯಲ್ಲಿ ಕುಳಿತು ಅಧಿಕಾರಿಗಳ ಮುಖಕ್ಕೇ ನೀರು ಚಿಮುಕಿಸಿದ ಪ್ರಾಣಿಯನ್ನು ಕಣ್ಣಾರೆ ಕಂಡೂ, ‘ಸ್ಥಳದಲ್ಲಿ ಯಾವುದೇ ಪ್ರಾಣಿ ಲಭ್ಯವಿರಲಿಲ್ಲ’ ಎಂದು ಬರೆದುಕೊಂಡ ಅವರ ಕರ್ತವ್ಯನಿಷ್ಠೆಗೆ ನಾನು ತಲೆಬಾಗುತ್ತೇನೆ.

ಅದನ್ನು ನೀರಿನಿಂದ ದೂರವಿಡಿ ಎಂದು ಸಲಹೆ ಕೊಟ್ಟಿರಿ. ಪ್ರಯತ್ನಿಸಿದೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇದೆಯಲ್ಲ, ಅದರಲ್ಲಿ ಎತ್ತಿನ ಪಾತ್ರ ನನ್ನದಾಯಿತು, ಸೊಂಟ ಹಿಡಿದುಕೊಂಡಿತು. ಕೊನೆಗೆ ತಮ್ಮ ಅಂತಿಮ ಪತ್ರ ಬಂತು: ಮಂಗಳವಾರ ಪ್ರಾಣಿಯನ್ನು ವಾಪಸು ಪಡೆಯಲಾಗುವುದು, ಅದರ ಬದಲಿಗೆ, ಎಂಟನೆಯ ಪ್ರದೇಶದಲ್ಲಿ ಧಾರಾಳವಾಗಿ ಲಭ್ಯವಿರುವ, ಅದೇ ಕುಟುಂಬದ ಗಿನಿಪಿಗ್ ಒಂದನ್ನು ಕೊಡಲಾಗುವುದು. ಮಾನ್ಯರೇ, ಆ ಪತ್ರ ಓದಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಹಿಂಡುವ ಯಂತ್ರದ ಮೇಲೆ ಕುಳಿತುಬಿಟ್ಟೆ. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಪುಟಾಣಿ ಹೋದರೆ ಪರದೆ ಮತ್ತೆ ಇಳಿಯುತ್ತದೆ, ಮತ್ತೆ ಆ ಚೀಟಿ, ಆ ಪಿನ್ನು. ಇನ್ನೊಂದು ಮೂರು ವರ್ಷ ತಡೆಯುವ ಶಕ್ತಿ ನನ್ನಲ್ಲಿರಲಿಲ್ಲ.

ಆದಕಾರಣ ಆರನೆಯ ಪತ್ರದಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳನ್ನು ಮಂಡಿಸಿದ್ದೆ, ಅವನ್ನೇ ಇಲ್ಲಿ ಊರವರ ಗಮನಕ್ಕೂ ತರುತ್ತೇನೆ. ಎಂಟನೆಯ ಪ್ರದೇಶವನ್ನು ಹನ್ನೊಂದು ಅಡಿ ಹಿಂದಕ್ಕೆ ಸರಿಸಿಕೊಳ್ಳಬೇಕು. ಅದು ಭಾರವೆನಿಸಿದರೆ ನಮ್ಮ ಜಾಲಿಸುವ ತೊಟ್ಟಿಯೊಂದನ್ನೇ ಏಳೂವರೆಯ ಪ್ರದೇಶವೆಂದು ಘೋಷಿಸಿ ಭೂಪಟದಲ್ಲಿ ತೋರಿಸಬೇಕು, ಬಣ್ಣ ತಮ್ಮ ಇಷ್ಟ. ಅದೂ ಆಗದಿದ್ದರೆ, ಮುಂಗಾಲು ಒಂದು ಪ್ರದೇಶದಲ್ಲೂ ಹಿಂಗಾಲು ಇನ್ನೊಂದರಲ್ಲೂ ಇರುವ ಪ್ರಾಣಿಯ ಯಾವ ಭಾಗವನ್ನು ವಾಪಸು ಪಡೆಯುತ್ತೀರೆಂದು ಲಿಖಿತವಾಗಿ ತಿಳಿಸಬೇಕು. ಮೂರು ವರ್ಷ ಎರಡೂ ಪ್ರದೇಶಗಳಲ್ಲಿ ಲಭ್ಯವಿರದಿದ್ದ ನನ್ನ ಅಕ್ಕನನ್ನು ತಾವೇ ಲಭ್ಯವಾಗಿಸಿದ್ದೀರಿ, ಕೊಟ್ಟದ್ದನ್ನು ಕಿತ್ತುಕೊಳ್ಳಬಾರದೆಂದೂ ಕೊನೆಯಲ್ಲಿ ಬರೆದಿದ್ದೆ. ಉತ್ತರವಾಗಿ ಮುದ್ರೆ ಬಂತು, ಮಂಗಳವಾರವೂ ಬಂತು.

ಬೆಳಿಗ್ಗೆ ಹತ್ತಕ್ಕೆ ತಮ್ಮ ಇಬ್ಬರು ನೌಕರರು ಬಲೆ, ಹಗ್ಗ, ಒಂದು ದೊಡ್ಡ ಪೆಟ್ಟಿಗೆ ಮತ್ತು ಗಿನಿಪಿಗ್ ಇದ್ದ ಒಂದು ಪುಟ್ಟ ಪಂಜರದೊಡನೆ ಮುಂಬಾಗಿಲಿನಿಂದ ಬಂದರು. ಸಹಿ ಹಾಕಿಕೊಟ್ಟವನಾದ್ದರಿಂದ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಪುಟಾಣಿ ತೊಟ್ಟಿಯಲ್ಲಿ ಕಿವಿ ಮಾತ್ರ ಮೇಲಿಟ್ಟುಕೊಂಡು ಕುಳಿತಿತ್ತು. ಒಬ್ಬ ಬಲೆ ಬೀಸಲು ಹೋಗಿ ತೊಟ್ಟಿಯೊಳಗೇ ಬಿದ್ದ, ಅವನನ್ನು ಎಳೆಯಲು ಹೋದ ಇನ್ನೊಬ್ಬನೂ ಬಿದ್ದ. ಈ ಗಲಾಟೆಗೆ ಪುಟಾಣಿ ಹೊರಗೆ ಹಾರಿ, ತೆರೆದಿದ್ದ ಹಿಂಬಾಗಿಲಿನ ಕಡೆಗೆ, ಲಾರಿಗಳು ಓಡಾಡುವ ಹಿಂದಿನ ರಸ್ತೆಯ ಕಡೆಗೆ ಓಡತೊಡಗಿತು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಪರದೆ ದಾಟಿ ಬಂದಳು. ಪುಟಾಣಿಗೆ ಏನೂ ಹೇಳಲಿಲ್ಲ. ನನ್ನ ಮುಖವನ್ನೇ ನೋಡಿ ಹೇಳಿದಳು:

“ತಮ್ಮಾ, ಬಾಗಿಲು ಹಾಕೋ.”

ನಾನು ಬಾಗಿಲು ಹಾಕಿದೆ. ಚಿಲಕ ಹಾಕಿದ ಮೇಲೂ ಸ್ವಲ್ಪ ಹೊತ್ತು ಆ ಕಡೆಗೇ ಮುಖ ಮಾಡಿ ನಿಂತಿದ್ದೆ, ಏಕೆಂದರೆ ಈ ಕಡೆ ತಿರುಗುವ ಸ್ಥಿತಿಯಲ್ಲಿ ನನ್ನ ಮುಖವಿರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಗಿನಿಪಿಗ್ ಅನ್ನು ಗೌರವಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇವೆ. ಅದು ಮುದ್ದಾಗಿದೆ, ಬೇರೆ ಯಾರದಾದರೂ ಮನೆ ಬೆಳಗಲಿ. ಪುಟಾಣಿಯನ್ನು ಕೊಡುವುದಿಲ್ಲ. ತಮ್ಮ ದಾಖಲೆಯ ಪ್ರಕಾರ ಅದು ನಮ್ಮ ತೊಟ್ಟಿಯಲ್ಲಿ ಲಭ್ಯವೇ ಇಲ್ಲದಿರುವುದರಿಂದ, ಅದನ್ನು ಹುಡುಕಿಕೊಂಡು ತಾವು ಶ್ರಮಪಡುವ ಅಗತ್ಯವೂ ಇಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಒಂದು ಕಾಲು ಏಳರಲ್ಲಿ, ಒಂದು ಕಾಲು ಎಂಟರಲ್ಲಿ ಊರಿಕೊಂಡು ನಿಂತಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿಯವನು

ತಾ.ಕ.: ತೊಟ್ಟಿಗೆ ಬಿದ್ದ ತಮ್ಮ ಇಬ್ಬರು ನೌಕರರು ಹೋಟೆಲಿನ ಹಾಸಿಗೆ ಬಟ್ಟೆ ಸುತ್ತಿಕೊಂಡು ಹೋಗಿದ್ದಾರೆ, ಅವರ ಸಮವಸ್ತ್ರಗಳು ಇಲ್ಲಿ ಒಗೆದು, ಒಣಗಿ, ಸಿದ್ಧವಾಗಿವೆ. ಬಂದು ಒಯ್ಯಬಹುದು, ನನ್ನ ಅಡ್ಡಿಯೇನೂ ಇಲ್ಲ. ಆದರೆ ಅವುಗಳಿರುವುದು ಅಕ್ಕನ ಮೇಜಿನ ಮೇಲೆ, ಮೂರು ವರ್ಷ ನನಗೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನು ಅವಳು ಈಗ ದಿನವಿಡೀ ಬಿಚ್ಚುತ್ತಿದ್ದಾಳೆ, ನನ್ನ ಕಿವಿ ಆಗಲೇ ತುಂಬಿ ಹೋಗಿದೆ. ಸಾಧ್ಯವಾದರೆ ನೌಕರರನ್ನು ಕಳುಹಿಸದೆ ತಾವೇ ಬನ್ನಿ. ಉಳಿದ ಮಾತುಗಳನ್ನು ತಮಗಾಗಿ ತೆಗೆದಿರಿಸಲು ಹೇಳಿದ್ದೇನೆ.