ಹನ್ನೊಂದನೇ ಪ್ರಶ್ನೆಯ ಸೀನು

ಶಾಲೆಯ ಕಾಂಪೌಂಡಿಗೆ ಒರಗಿ ನಿಂತಿದ್ದ ದೊಡ್ಡ ಮರ ಪ್ರತಿ ವರ್ಷವೂ ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಹೂ ಬಿಡುತ್ತಿತ್ತು. ಉಳಿದವರೆಲ್ಲ ತಲೆಯೆತ್ತಿ ನೋಡಿ "ಆಹಾ" ಅನ್ನುತ್ತಿದ್ದರು. ಲೆಕ್ಕದ ಮೇಷ್ಟ್ರು ಮಾತ್ರ "ಆ... ಆ..." ಎಂದು ಶುರುಮಾಡಿ "ಕ್ಷೀ" ಎಂದು ಮುಗಿಸುತ್ತಿದ್ದರು. ಮೂಗು ಹಣ್ಣಾದ ಟೊಮೇಟೊ ಆಗಿತ್ತು. ಕಣ್ಣುಗಳು ಯಾರೋ ತೀರಿಕೊಂಡ ಮನೆಯಿಂದ ಈಗಷ್ಟೇ ಎದ್ದು ಬಂದಂತಿದ್ದವು.

ಅಂದು ಬೆಳಿಗ್ಗೆ ಅವರ ಭಾವಮೈದ, ಫೋನಿನಲ್ಲಿ ಓದಿ ಓದಿಯೇ ಅರ್ಧ ಡಾಕ್ಟರಾದವನು, ಉಪ್ಪುನೀರಿನ ಚೊಂಬು ಹಿಡಿದು ಬಚ್ಚಲಿಗೆ ಬಂದ.

"ಈ ಹೊಳ್ಳೇಲಿ ಹುಯ್ದ್ರೆ ಆ ಹೊಳ್ಳೇಲಿ ಬರುತ್ತೆ ಭಾವ. ಏನೂ ಆಗಲ್ಲ."

ನೀರು ಈ ಹೊಳ್ಳೆಯಲ್ಲಿ ಹೋಗಿದ್ದೇನೋ ನಿಜ. ಆ ಹೊಳ್ಳೆಯಲ್ಲಿ ಬರಲಿಲ್ಲ. ಗಂಟಲಿಗೆ ಇಳಿದು, ಕಿವಿಗೆ ಏರಿ, ಕೊನೆಗೆ ಕಣ್ಣಿನ ಮೂಲಕ ದಾರಿ ಮಾಡಿಕೊಂಡಿತು. ಕೆಮ್ಮಿನ ಸದ್ದಿಗೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕತ್ತು ಚಾಚಿ, "ಮೂಗಿಗೆ ಎಣ್ಣೆ ಸವರ್ರೀ, ಹೂವಿನ ಪುಡಿ ಎಲ್ಲಾ ಅಲ್ಲೇ ಅಂಟ್ಕೊಳ್ಳುತ್ತೆ" ಎಂದರು. ಹೆಂಡತಿ ಎಣ್ಣೆ ಸವರಿ, ನಾಲ್ಕು ಕರವಸ್ತ್ರ ಜೇಬಿಗೆ ತುರುಕಿ ಕಳಿಸಿದರು. ಮೇಷ್ಟ್ರು ಆಗ ತಾನೇ ಪಾಲಿಶ್ ಹಾಕಿದ ಮೂಗಿನೊಂದಿಗೆ ಶಾಲೆ ಸೇರಿದರು.

ಅಲ್ಲಿ ಹೆಡ್ ಮೇಡಂ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಭಾಷಾ ಟೀಚರ್ ಮಗಳ ಹೆರಿಗೆಗೆಂದು ಓಡಿದ್ದರು. ಗಣಿತದ ಪರೀಕ್ಷೆಗೆ ಮೇಲ್ವಿಚಾರಣೆ ಮಾಡುವವರಿಲ್ಲ.

"ನೀವೇ ನಿಂತ್ಕೊಂಡ್ಬಿಡಿ ಸಾರ್."

"ನನ್ನ ವಿಷಯಕ್ಕೆ ನಾನೇ ನಿಂತ್ಕೋಬಾರ್ದು ಅಂತ ರೂಲ್ಸಿದೆಯಲ್ಲಾ ಮೇಡಂ?"

"ಒಂದು ಗಂಟೆ ಬಾಯಿ ಮುಚ್ಕೊಂಡು ನಿಂತ್ರೆ ಯಾರಿಗ್ ಗೊತ್ತಾಗುತ್ತೆ?"

"ಬಾಯೇನೋ ಮುಚ್ಕೋಬಹುದು..." ಎಂದು ಮೇಷ್ಟ್ರು ಮಾತು ಮುಗಿಸುವ ಮೊದಲೇ ಸೀನಿದರು.

ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಗಂಟೆ ಹೊಡೆದು ಎರಡು ನಿಮಿಷವಾಗಿರಬೇಕು, ಮೇಷ್ಟ್ರು ಮೂರು ಸಲ ಸೀನಿದರು. ಮೂವತ್ತು ಪೆನ್ನುಗಳು ಒಟ್ಟಿಗೆ ಸರ್ರೆಂದವು. ಸ್ವಲ್ಪ ಹೊತ್ತಿಗೆ ಒಂದೇ ಒಂದು ಸೀನು. ಮತ್ತೆ ಸರ್ರ್. 'ಪರವಾಗಿಲ್ಲ, ಈ ವರ್ಷ ಮಕ್ಕಳು ಚೆನ್ನಾಗಿ ಓದಿವೆ' ಎಂದು ಅವರ ಎದೆ ಉಬ್ಬಿತು. ಹೀಗೆ ಹತ್ತು ಸಲ ಆಯಿತು.

ಆಮೇಲೆ ಮೂಗಿಗೆ ಅದೇನನ್ನಿಸಿತೋ, ಸುಮ್ಮನಾಗಿಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಮಕ್ಕಳೆಲ್ಲ ಪೆನ್ನು ಮೇಲಕ್ಕೆತ್ತಿ, ಬಸ್ಸಿಗೆ ಕಾಯುವವರ ಹಾಗೆ ಅವರ ಮೂಗನ್ನೇ ನೋಡುತ್ತ ಕೂತವು. ಮೊದಲ ಬೆಂಚಿನಲ್ಲಿ ಚೂಟಿ ಇದ್ದಳು. ಲೆಕ್ಕವೊಂದನ್ನು ಬಿಟ್ಟು ಎಲ್ಲದರಲ್ಲೂ ಚುರುಕಾಗಿದ್ದರಿಂದ ಅವಳಿಗೆ ಆ ಹೆಸರು. ಅವಳು ತಡೆಯಲಾರದೆ ಪಿಸುಗುಟ್ಟಿದಳು:

"ಸಾರ್... ಹನ್ನೊಂದಕ್ಕೆ?"

ಆ ಪಿಸುಮಾತು ಮೇಷ್ಟ್ರಿಗೆ ಕೇಳಲಿಲ್ಲ, ಕಿವಿಯಲ್ಲಿ ಉಪ್ಪುನೀರಿತ್ತು. ಕೇಳಿದ್ದು ಕಿಟಕಿಯ ಆಚೆ ಬಂದು ನಿಂತಿದ್ದ ತಪಾಸಣೆಯ ಅಧಿಕಾರಿಗೆ.

ಅವರು ಒಳಗೆ ನುಗ್ಗಿ ಮೂವತ್ತೂ ಉತ್ತರಪತ್ರಿಕೆ ಕಿತ್ತುಕೊಂಡರು. "ಒಂದನೇ ಪ್ರಶ್ನೆಗೆ ಮೂವತ್ತು ಜನಾನೂ ಸಿ. ಎರಡಕ್ಕೆ ಮೂವತ್ತು ಜನಾನೂ ಎ. ಏನ್ರೀ ಇದು, ಪರೀಕ್ಷೆನೋ ಕವಾಯತೋ?"

"ಮೂರು ಸಲ ಸೀನಿದ್ರೆ ಸಿ ಸಾರ್" ಎಂದು ಒಂದು ಮಗು ಹೆದರಿ ಬಾಯಿಬಿಟ್ಟಿತು.

ಮೇಷ್ಟ್ರ ಕಾಲಡಿಯ ನೆಲ ಕುಸಿಯಿತು. "ಅದು ಅಲರ್ಜಿ ಸಾರ್! ಹೂವಿನ ಪುಡಿ!"

"ಹೂವಿನ ಪುಡಿಗೆ ಲೆಕ್ಕ ಬರುತ್ತೇನ್ರೀ? ಇದು ಕೆಲಸ ಹೋಗೋ ಕೇಸು, ಗೊತ್ತಾ?"

ಅಧಿಕಾರಿ ಸರಿಯುತ್ತರದ ಪಟ್ಟಿ ತೆಗೆದು ತಾಳೆ ನೋಡಿದರು. ನೋಡುತ್ತಾ ನೋಡುತ್ತಾ ಅವರ ಹುಬ್ಬು ಮೇಲೇರಿತು. ಸೀನಿದ ಹತ್ತರಲ್ಲಿ ಎಂಟು ತಪ್ಪು.

"ನೋಡಿದ್ರಾ!" ಮೇಷ್ಟ್ರು ಕುಣಿದಾಡುವುದೊಂದು ಬಾಕಿ. "ನಾನೇ ಹೇಳ್ಕೊಟ್ಟಿದ್ರೆ ತಪ್ಪು ಹೇಳ್ಕೊಡ್ತಿದ್ನಾ?"

"ಸಾರ್ ತಪ್ಪು ಸೀನೋದೇ ಇಲ್ಲ. ನಿಮ್ಮ ಪಟ್ಟೀನೇ ತಪ್ಪಿರಬೇಕು" ಎಂದಳು ಚೂಟಿ, ಅಭಿಮಾನದಿಂದ. ಇಡೀ ತರಗತಿ ಹೌದೆಂದು ತಲೆದೂಗಿತು.

ಅಧಿಕಾರಿ ಗಲ್ಲ ತುರಿಸಿಕೊಂಡರು. "ಇನ್ನೊಂದು ಪ್ರಶ್ನೆಪತ್ರಿಕೆ ಇದೆ. ಎರಡು ಗಂಟೆಗೆ ಮಕ್ಕಳು ಮತ್ತೆ ಬರೀಲಿ. ಅವರ ಜೊತೆ ನೀವೂ ಬರೀರಿ. ನಿಮಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದ್ರೆ ಅದು ಬರೀ ಸೀನು ಅಂತ ಒಪ್ತೀನಿ. ಬರದೇ ಹೋದ್ರೆ ಗೊತ್ತಿದ್ದಷ್ಟು ಹೇಳ್ಕೊಟ್ಟಿದ್ದೀರಿ ಅಂತ ಅರ್ಥ."

ಮೇಷ್ಟ್ರಿಗೆ ಹೋದ ಜೀವ ಬಂತು. ಎಂಟನೇ ಕ್ಲಾಸಿನ ಲೆಕ್ಕ! ಇಪ್ಪತ್ತೆರಡು ವರ್ಷದಿಂದ ಅರೆದು ಕುಡಿದದ್ದು. ಆದರೂ ಮಧ್ಯಾಹ್ನ ಮತ್ತೆ ಸೀನಿ ಎಡವಟ್ಟಾಗುವುದು ಬೇಡವೆಂದು ಹೆಡ್ ಮೇಡಂ ತಮ್ಮ ಚೀಲದಿಂದ ಅಲರ್ಜಿ ಮಾತ್ರೆ ತೆಗೆದುಕೊಟ್ಟರು. "ನಮ್ಮ ಯಜಮಾನ್ರು ಇದನ್ನೇ ತಗೊಳ್ಳೋದು. ಒಂದು ಸಾಕು." ಕೆಲಸದ ಪ್ರಶ್ನೆಯಲ್ಲವೇ, ಮೇಷ್ಟ್ರು ಎರಡು ನುಂಗಿದರು.

ಎರಡು ಗಂಟೆಗೆ ಚೂಟಿಯ ಪಕ್ಕ, ಮೊಣಕಾಲು ಗದ್ದಕ್ಕೆ ತಾಗುವ ಬೆಂಚಿನಲ್ಲಿ ಅವರು ಕೂತಾಗ ಮೂಗು ಬೇಸಿಗೆಯ ನಲ್ಲಿಯಂತೆ ಒಣಗಿತ್ತು. ತಿಂಗಳ ನಂತರ ಮೊದಲ ಸಲ ಸೀಮೆಸುಣ್ಣದ ವಾಸನೆ ಬಂತು. ಎಂಥ ಸುಖ! ಹೆಸರು ಬರೆದರು. ಒಂದನೇ ಪ್ರಶ್ನೆ ಓದಿ ನಸುನಕ್ಕರು. ಅಷ್ಟರಲ್ಲಿ ಅಧಿಕಾರಿಯ ಫೋನು ಬಡಿದುಕೊಂಡಿತು, ಅವರು ವರಾಂಡಕ್ಕೆ ಹೋದರು. ಮೇಷ್ಟ್ರ ರೆಪ್ಪೆಗಳು ಅಂಗಡಿಯ ಷಟರಿನ ಹಾಗೆ ಇಳಿದವು.

ಎಚ್ಚರವಾದದ್ದು ಕೊನೆಯ ಗಂಟೆ ಹೊಡೆದಾಗ. ಗಾಬರಿಯಿಂದ ಹಾಳೆ ನೋಡಿದರೆ ಇಪ್ಪತ್ತಕ್ಕೂ ಅಚ್ಚುಕಟ್ಟಾಗಿ ಗುರುತು ಬಿದ್ದಿದೆ! ಮೇಷ್ಟ್ರ ಕಣ್ಣು ತುಂಬಿತು, ಈ ಸಲ ಅಲರ್ಜಿಯಿಂದಲ್ಲ. ನಿದ್ದೆಯಲ್ಲೂ ಕೈ ತನ್ನ ಲೆಕ್ಕ ಮರೆಯಲಿಲ್ಲವಲ್ಲ! ಹೆಮ್ಮೆಯಿಂದ ಹಾಳೆ ಕೊಟ್ಟರು.

ಅಧಿಕಾರಿ ಅಲ್ಲೇ ಕೂತು ಎಲ್ಲರದ್ದೂ ತಿದ್ದಿ ಮುಗಿಸಿದರು. ಆಮೇಲೆ ಮೇಷ್ಟ್ರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು.

"ಇಪ್ಪತ್ತಕ್ಕೆ ಆರು. ಈಗ ಅರ್ಥವಾಯ್ತು ಮೇಷ್ಟ್ರೇ. ನೀವು ಮೋಸ ಮಾಡಿಲ್ಲ. ಪಾಪ, ನಿಮಗೆ ಗೊತ್ತಿದ್ದಷ್ಟನ್ನ ಪ್ರಾಮಾಣಿಕವಾಗಿ ಸೀನಿದ್ದೀರಿ. ನಿಮ್ಮ ಕೆಲಸ ಕಳೆಯಲ್ಲ. ರಜೆ ಪೂರ್ತಿ ತರಬೇತಿಗೆ ಬನ್ನಿ, ಕೂಡೋದು ಕಳೆಯೋದರಿಂದ ಶುರುಮಾಡೋಣ."

ಮೇಷ್ಟ್ರು ಕಂಬ ಹಿಡಿದು ವರಾಂಡದಲ್ಲಿ ನಿಂತಿದ್ದಾಗ ಚೂಟಿ ಹತ್ತಿರ ಬಂದು, ಆಚೀಚೆ ನೋಡಿ, ಪಿಸುಗುಟ್ಟಿದಳು.

"ನೀವು ಬೆಳಿಗ್ಗೆ ನಮಗೋಸ್ಕರ ಅಷ್ಟು ಕಷ್ಟಪಟ್ಟು ಸೀನಿದ್ರಲ್ಲ ಸಾರ್. ಅದಕ್ಕೇ ನೀವು ಮಲಗಿದ್ದಾಗ ನಿಮ್ಮದನ್ನ ನಾನೇ ಬರೆದ್ಬಿಟ್ಟೆ. ನನಗೆ ಏಳು ಬಂತು. ನಿಮ್ಮದರಲ್ಲಿ ಬೇಕಂತ್ಲೇ ಒಂದು ಬೇರೆ ಹಾಕ್ದೆ. ಇಲ್ದಿದ್ರೆ ಪಾಪ, ನೀವು ನನ್ನ ನೋಡಿ ಕಾಪಿ ಹೊಡೆದ್ರಿ ಅಂದ್ಕೋತಿದ್ರು."