ಮುಂದಿನ ಸಾಲಿನ ಟವೆಲ್

ಊರು ಸುತ್ತೋಕೆ ಅಂತ ಹೊರಟು, ಸುಮ್ಮನೆ ಸುತ್ತಿ ವಾಪಸ್ ಬಂದದ್ದು ನಮ್ಮ ಮನೆಯ ಇತಿಹಾಸದಲ್ಲೇ ಇಲ್ಲ. ಎಲ್ಲಿಗೇ ಹೋಗಲಿ, ಏನಾದರೊಂದು ಗ್ರಹಚಾರ ನಮಗಿಂತ ಮುಂಚೆ ಹೋಗಿ ಕೂತಿರುತ್ತೆ. ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಮ್ಮನೆಯವರು ಅಲ್ಲಿನ ಕಾರ್ಲ್ಸ್‌ರುಹೆಯಲ್ಲಿ ಕೆಲಸಕ್ಕಿದ್ದಾಗ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿದ್ದೆವು. ಅದನ್ನ ನೆನೆಸಿಕೊಂಡರೆ ಇವತ್ತಿಗೂ ಮೊದಲು ನಗು ಬರುತ್ತೆ, ಆಮೇಲೆ ಕತ್ತಿನ ಹಿಂದೆ ಒಂಥರಾ ತಣ್ಣಗಾಗುತ್ತೆ.

ಕಾಗೆ ವಿಚಾರಣೆ

ಜರ್ಮನ್ನರಿಗೆ ಮಯೋರ್ಕಾ ಅಂದರೆ ನಮ್ಮ ಮೈಸೂರಿನವರಿಗೆ ಊಟಿ ಇದ್ದ ಹಾಗೆ. ಆಫೀಸಿನಲ್ಲಿ ಎಲ್ಲರೂ "ಉರ್ಲಾಬ್‌ಗೆ ಎಲ್ಲಿಗೆ, ಉರ್ಲಾಬ್‌ಗೆ ಎಲ್ಲಿಗೆ" ಅಂತ ರಜೆಯದ್ದೇ ವಿಚಾರಿಸಿ ಇವರ ತಲೆ ತಿಂದಿದ್ದರು. ಸೀಸನ್ ಮುಗಿದ ಮೇಲೆ ಅಗ್ಗ ಅಂತ ರೈಸೆಬ್ಯೂರೋದ, ಅಂದರೆ ಟ್ರಾವೆಲ್ ಏಜೆನ್ಸಿಯ, ಹೆಂಗಸು ಹೇಳಿದ್ದೇ ತಡ, ಟಿಕೆಟ್, ಹೋಟೆಲ್ ಎಲ್ಲ ಬುಕ್ ಮಾಡಿಸಿಕೊಂಡು ಬಂದರು. ಆ ಖುಷಿಗೆ ಮೈಸೂರಿಗೆ ಫೋನ್ ಮಾಡಿದರೆ, ಅತ್ತೆ ಕ್ಯಾಲೆಂಡರ್ ನೋಡಿ ಹೇಳಿದರು: "ನೀವು ಅಲ್ಲಿರೋವಾಗಲೇ ಮಹಾಲಯ ಅಮಾವಾಸ್ಯೆ ಬರುತ್ತಲ್ಲೋ. ಅಪ್ಪನಿಗೆ ಎಡೆ ಇಡೋದು?"

ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು. ಮಗನ ಹತ್ತಿರ ಬರಬೇಕು ಅಂತ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿದ್ದರು ಪಾಪ. ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು ಅನ್ನೋದೊಂದೇ ಅವರ ಷರತ್ತು. ಇವರು "ಈ ಪ್ರಾಜೆಕ್ಟ್ ಮುಗೀಲಿ ಅಪ್ಪ" ಅಂತ ಮುಂದೆ ಹಾಕುತ್ತಲೇ ಹೋದರು, ಮಾವ ಕಾಯಲಿಲ್ಲ. ಅದೊಂದು ಇವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತಿಂತಾ ತಿಂತಾ ಕೈ ನಿಲ್ಲಿಸಿ "ಅಪ್ಪನಿಗೆ ನನ್ನ ಮೇಲೆ ಸಿಟ್ಟಿದೆ ಕಣೇ" ಅನ್ನೋರು.

"ಎಲ್ಲಿದ್ದರೂ ಸರಿ, ಎಡೆ ಇಡು," ಅಂದರು ಅತ್ತೆ. "ಕಾಗೆ ಮುಟ್ಟಿದರೆ ಅವರಿಗೆ ತೃಪ್ತಿ ಆಯ್ತು ಅಂತ. ಮುಟ್ಟದೆ ಹೋದರೆ ಏನೋ ಆಸೆ ಉಳಿದಿದೆ ಅಂತ. ಆ ಊರಲ್ಲಿ ಕಾಗೆ ಇದೆಯಾ ವಿಚಾರಿಸು ಮೊದಲು."

ಇವರು ಮಾರನೇ ದಿನವೇ ರೈಸೆಬ್ಯೂರೋಗೆ ಹೋಗಿ, ಬೀಚಿನಲ್ಲಿ ಕಾಗೆ ಇದೆಯಾ ಅಂತ ಕೇಳಿದರಂತೆ. ಆಕೆ ಎದೆ ಮುಟ್ಟಿಕೊಂಡು ಆಣೆ ಇಟ್ಟಳಂತೆ: "ಖಂಡಿತ ಇಲ್ಲ. ಒಂದೇ ಒಂದು ಕಾಗೆ ಕಂಡರೂ ಫೋನ್ ಮಾಡಿ, ಹೋಟೆಲ್ ಬದಲಾಯಿಸಿ ಕೊಡ್ತೀವಿ."

ದೊಡ್ಡವರು ಮೊದಲು

ಅಗ್ಗ ಯಾಕೆ ಅಂತ ಹೋಟೆಲಿಗೆ ಕಾಲಿಟ್ಟಾಗ ಗೊತ್ತಾಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ನಾವು, ಇನ್ನು ಕೆಲವು ವಯಸ್ಸಾದ ಜರ್ಮನ್ನರು, ಅಷ್ಟೇ. ಈಜುಕೊಳದ ನೀರು ಖಾಲಿ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೂ ಕಾರಿಡಾರಿನಲ್ಲಿ ಮಬ್ಬು. ಯಾರಾದರೂ ನಡೆದರೆ ಮಾತ್ರ ತಾನಾಗಿ ಹತ್ತಿಕೊಳ್ಳೋ ದೀಪಗಳು. ನಾವಿನ್ನೂ ಈ ತುದಿಯಲ್ಲಿ ನಿಂತಿದ್ದೇವೆ, ಆ ತುದಿಯ ದೀಪ ಹತ್ತಿತು. ಆಮೇಲೆ ಅದರ ಈಚೆಗಿನದು. ಆಮೇಲೆ ಅದರ ಈಚೆಗಿನದು. ಯಾರೂ ಇಲ್ಲ. ಬೆಳಕು ಹಾಗೇ ನಮ್ಮ ಹತ್ತಿರ ಬಂತು, ಕೊನೆಗೆ ನಮ್ಮ ತಲೆಯ ಮೇಲಿನ ದೀಪವೂ ಹತ್ತಿತು.

ಕೇಳಿದರೆ ರಿಸೆಪ್ಷನ್ ಹುಡುಗಿ, ಸಮುದ್ರದ ಗಾಳಿಗೆ ವೈರಿಂಗ್ ಕೆಟ್ಟಿದೆ, ಲಿಫ್ಟೂ ಹಾಗೇ ಆಡುತ್ತೆ ಅಂದಳು. ಸರಿ ಅಂತ ಲಿಫ್ಟಿನ ಮುಂದೆ ನಿಂತೆವು. ಗುಂಡಿ ಒತ್ತುವ ಮುಂಚೆಯೇ ಬಾಗಿಲು ತೆಗೆದುಕೊಂಡಿತು. ಒಳಗೆ ಯಾರೂ ಇಲ್ಲ. ನಮ್ಮನೆಯವರು ಒಂದು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು, ತುಂಬಾ ಮರ್ಯಾದೆಯಿಂದ ಹೇಳಿದರು: "ಅಪ್ಪ, ನೀವು ಹೋಗಿರಿ. ನಾವು ಮೆಟ್ಟಿಲಲ್ಲಿ ಬರ್ತೀವಿ."

ಸೀಟು ಸಿಕ್ಕಿತ್ತಲ್ಲ

ಬೀಚ್ ಮಾತ್ರ ನೋಡಬೇಕು ನೀವು. ಎರಡು ಕಡೆ ಬಂಡೆ, ಮಧ್ಯೆ ಬಿಳಿ ಮರಳು, ನೀರು ನವಿಲು ಬಣ್ಣ. ಆದರೆ ಒಂದು ನರಪಿಳ್ಳೆಯೂ ಇಲ್ಲ. ಒರಗುಕುರ್ಚಿಗಳು ಸಾಲಾಗಿ ಖಾಲಿ ಬಿದ್ದಿದ್ದವು. ನೀರಿಗೆ ತೀರಾ ಹತ್ತಿರದ ಒಂದು ಕುರ್ಚಿಯ ಮೇಲೆ ಮಾತ್ರ ಒಂದು ಟವೆಲ್. ಕೆಂಪು ಚೌಕಳಿಯ ತೆಳ್ಳನೆ ಟವೆಲ್.

ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಮಾವನ ಹೆಗಲ ಮೇಲೆ ಸದಾ ಇರುತ್ತಿದ್ದದ್ದು ಅಂಥದ್ದೇ.

ಜರ್ಮನ್ನರು ಬೆಳಿಗ್ಗೆ ಎದ್ದು ಟವೆಲ್ ಹಾಕಿ ಕುರ್ಚಿ ಹಿಡೀತಾರೆ, ಹಾಕಿದ ಮೇಲೆ ಬೇರೆಯವರು ಮುಟ್ಟೋ ಹಾಗಿಲ್ಲ. ಇದನ್ನ ಹೇಳಿ ಆಫೀಸಿನವರು ನಕ್ಕಾಗ ಇವರಿಗೆ ನಗು ಬಂದಿರಲಿಲ್ಲವಂತೆ. ಎಲ್ಲಿಂದ ಬರಬೇಕು? ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಂತಿರುವುದಿಲ್ಲ, ಮಾವ ಪಕ್ಕದಲ್ಲಿ ಓಡಿ ಕಿಟಕಿಯಿಂದ ಟವೆಲ್ ಎಸೆದಿರುತ್ತಿದ್ದರು. ಹತ್ತಿ ಕಿಟಕಿ ಪಕ್ಕ ತಾವು ಕೂತು, ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಅತ್ತೆಗೆ ಹಿಡಿಯೋರು. ಅತ್ತೆ ಎಲ್ಲರೂ ಹತ್ತಿದ ಮೇಲೆ ನಿಧಾನವಾಗಿ ಬಂದು ಅದರ ಮೇಲೆ ಕೂರೋರು. ಒಂದು ಸಲ ನಂಜನಗೂಡಿಗೆ ಹೊರಟವರು, ಟವೆಲ್ ಎಸೆದ ಭರದಲ್ಲಿ ಬೋರ್ಡು ನೋಡದೆ ಹುಣಸೂರಿಗೆ ಹೋಗಿ ಇಳಿದಿದ್ದರು. ಅತ್ತೆ ಬೈದರೆ ಮಾವ ಅಂದರಂತೆ: "ಊರು ತಪ್ಪಿದರೆ ಏನಾಯ್ತೇ? ಸೀಟು ಸಿಕ್ಕಿತ್ತಲ್ಲ."

ಹೊಟ್ಟೆ ಮುಂದೆ ಮಾಡಿಕೊಂಡು

ಟವೆಲ್ ದಿನಾ ಬೆಳಿಗ್ಗೆ ಅಲ್ಲಿರುತ್ತಿತ್ತು, ಸಂಜೆ ಇರುತ್ತಿರಲಿಲ್ಲ. ಅದರ ಮೇಲೆ ಕೂತವರನ್ನ ನಾವು ಕಾಣಲಿಲ್ಲ.

ಅಮಾವಾಸ್ಯೆ ಬೆಳಿಗ್ಗೆ, ಕಾರ್ಲ್ಸ್‌ರುಹೆಯಿಂದ ಹೊತ್ತು ತಂದಿದ್ದ ರೈಸ್ ಕುಕ್ಕರಿನಲ್ಲಿ ಅನ್ನ ಮಾಡಿದೆ. ಎಳ್ಳು, ಮೊಸರು ಹಾಕಿದೆ. ಮಾವನಿಗೆ ಪ್ರಾಣವಾಗಿದ್ದ ಉದ್ದಿನ ವಡೆ ಎಲ್ಲಿಂದ ತರಲಿ? ಬಫೆಯಿಂದ ಆಲೂಗಡ್ಡೆಯ ಕರಿದ ಉಂಡೆ ಎರಡು ಎತ್ತಿಟ್ಟುಕೊಂಡಿದ್ದೆ. ಬಾಳೆ ಎಲೆ ಬದಲು ಹೋಟೆಲಿನ ಅಂಜೂರದ ಎಲೆ. ಕಾಗೆಗೆ ಬದಲು ಕಡಲಹಕ್ಕಿ ನಡೆಯುತ್ತಾ ಅಂತ ಮೊದಲೇ ಅತ್ತೆಯನ್ನ ಕೇಳಿದ್ದೆವು. "ಬಿಳಿಯವರ ದೇಶದಲ್ಲಿ ಕಾಗೆನೂ ಬಿಳಿ ಇರುತ್ತೇನೋ, ನಡೆಯುತ್ತೆ ಬಿಡು" ಅಂದಿದ್ದರು.

ಎಡೆಯನ್ನ ಬಂಡೆಯ ಮೇಲಿಟ್ಟು ಇವರು "ಕಾ, ಕಾ" ಅಂತ ಕೂಗಿದರು. ಹಕ್ಕಿಗಳು ಬಂದವು. ಬಂದು, ಮರಳಿನ ಮೇಲೆ ಸಾಲಾಗಿ ನಿಂತು, ನಮ್ಮನ್ನೇ ನೋಡತೊಡಗಿದವು. ಒಂದೂ ಮುಂದೆ ಬರಲಿಲ್ಲ, ಒಂದೂ ಸದ್ದು ಮಾಡಲಿಲ್ಲ. ಗಾಳಿ ಕೂಡ ನಿಂತಂತಿತ್ತು.

"ಏನೋ ಆಸೆ ಉಳಿದಿದೆ. ಮಾತು ಕೊಡಿ," ಅಂದೆ.

"ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ ಅಪ್ಪ." ಹಕ್ಕಿಗಳು ಅಲ್ಲಾಡಲಿಲ್ಲ.

"ಸಿಗರೇಟ್ ಬಿಡ್ತೀನಿ." ಊಹೂಂ.

"ನನಗೆ ಡ್ರೈವಿಂಗ್ ಕಲಿಸ್ತೀನಿ ಅನ್ನಿ," ಅಂದೆ. ನಾನೇಕೆ ಬಿಡಲಿ? ಇವರು ಕಣ್ಣು ಮುಚ್ಚಿ ಅದನ್ನೂ ಅಂದರು. ಪಾತ್ರೆ ತೊಳೆಯೋ ಮೆಷಿನ್ನೂ ಅನ್ನಿಸಿದೆ. ಹಕ್ಕಿ ಒಪ್ಪದಿದ್ದರೂ ನಾನು ಒಪ್ಪಿಕೊಂಡೆ.

ಕೊನೆಗೆ ಇವರು ಮೆಲ್ಲಗೆ, "ಅಪ್ಪ, ಕರೆಸ್ಕೊಳ್ಳಲಿಲ್ಲ ಅಂತ ಸಿಟ್ಟಾ?" ಅಂದರು. ಆಗ ಆ ಟವೆಲ್ ಕಣ್ಣಿಗೆ ಬಿತ್ತು.

"ರೀ, ನಿಮ್ಮಪ್ಪ ಎಂದಾದರೂ ಹಿಂದಿನ ಸೀಟಲ್ಲಿ ಕೂತಿದ್ದಾರಾ?"

ಎಲೆ ಎತ್ತಿ, ಮುಂದಿನ ಸಾಲಿನ ಆ ಟವೆಲ್ ಮೇಲೆ ಇಟ್ಟೆವು. ತಿರುಗಿದರೆ ಹಿಂದೆಯೇ ನಮ್ಮ ಹೋಟೆಲಿನಲ್ಲೇ ಇಳಿದಿದ್ದ ಒಬ್ಬ ಜರ್ಮನ್ ಅಜ್ಜಿ ನಿಂತಿದ್ದಾಳೆ. ಮರಳಿನಲ್ಲಿ ಬಂದ ಸದ್ದೇ ಆಗಿರಲಿಲ್ಲ.

"ಅದು ನನ್ನ ಗಂಡನ ಜಾಗ," ಅಂದಳು. ಪ್ರತಿ ವರ್ಷವೂ ಇಬ್ಬರೂ ಇಲ್ಲಿಗೇ ಬರುತ್ತಿದ್ದರಂತೆ. ಬೆಳಿಗ್ಗೆ ಎದ್ದು ಅಡುಗೆಮನೆಯ ಟವೆಲ್ ತಂದು ಹಾಕೋದು ಅವನ ಕೆಲಸ. ಅವನು ಹೋದ ಮೇಲೂ ಇವಳು ಹಾಕುತ್ತಿದ್ದಾಳೆ. ಇವರು ಕೈಮುಗಿದು, ಹರುಕುಮುರುಕು ಜರ್ಮನ್‌ನಲ್ಲಿ, ಅಪ್ಪ, ಊಟ, ಹಕ್ಕಿ ಅಂತ ವಿವರಿಸಿದರು.

ಅಜ್ಜಿ ಯೋಚಿಸಿ ಹೇಳಿದಳು: "ನನ್ನ ಗಂಡ ಯಾರಿಗೂ ಜಾಗ ಬಿಟ್ಟವನಲ್ಲ. ಬಿಡ್ತಾನಾ, ನೋಡೋಣ."

ಮೂವರೂ ನಿಂತು ನೋಡಿದೆವು. ಸಾಲಿನಿಂದ ಒಂದು ಮುದಿ ಹಕ್ಕಿ ಹೊರಟಿತು. ಹಾರಲಿಲ್ಲ. ಹೊಟ್ಟೆ ಮುಂದೆ ಮಾಡಿಕೊಂಡು, ಮಾವ ಮಾರ್ಕೆಟ್ಟಿಗೆ ಹೋಗುತ್ತಿದ್ದ ಹಾಗೆ, ನಡೆದುಕೊಂಡು ಬಂತು. ಕುರ್ಚಿ ಹತ್ತಿ, ಮೊದಲು ಕರಿದ ಉಂಡೆ, ಆಮೇಲೆ ಅನ್ನ, ಎಲ್ಲ ಮುಗಿಸಿತು. ಇವರು ಅಳುತ್ತಾ ನಗುತ್ತಾ "ಸಿಟ್ಟಿಲ್ಲ ಕಣೇ, ಸಿಟ್ಟಿಲ್ಲ" ಅಂತಿದ್ದರು.

ಹಕ್ಕಿ ಹೋಗಲಿಲ್ಲ. ಕೊಕ್ಕಿನಲ್ಲಿ ಟವೆಲಿನ ತುದಿ ಹಿಡಿದು, ಜಗ್ಗಿ ಜಗ್ಗಿ ಎಳೆದು, ಪಕ್ಕದ ಕುರ್ಚಿಯ ಮೇಲೆ ಹಾಕಿತು. ವಾಪಸ್ ಮೊದಲಿನ ಕುರ್ಚಿಗೆ ಬಂದು ಕೂತಿತು.

ಅಜ್ಜಿಗೆ ಖುಷಿಯೋ ಖುಷಿ. "ಸದ್ಯ, ನನ್ನ ಗಂಡನಿಗೆ ಪಕ್ಕದಲ್ಲೇ ಜಾಗ ಸಿಕ್ತು," ಅಂದಳು. ನಮ್ಮನೆಯವರ ಮುಖ ಮಾತ್ರ ಸುಣ್ಣದ ಹಾಗಾಗಿತ್ತು. ಮಾವ ಪಕ್ಕದ ಸೀಟಿಗೆ ಟವೆಲ್ ಹಾಕುತ್ತಿದ್ದದ್ದು ಯಾರಿಗೆ ಅಂತ ನನಗೂ ಆಗ ಹೊಳೆಯಿತು.

ಟೆಲಿಫೋನ್ ಬೂತಿಗೆ ಓಡಿದೆವು. ಮೈಸೂರಿನಲ್ಲಿ ಅತ್ತೆಯೇ ಫೋನ್ ಎತ್ತಿದಾಗ ಹೋದ ಜೀವ ಬಂತು. ಇವರು ಎಲ್ಲ ಹೇಳಿದರು.

"ಎಲ್ಲಾ ತಿಂದರಾ?" ಅಂದರು ಅತ್ತೆ.

"ಎಲ್ಲಾ ತಿಂದರು ಅಮ್ಮ."

"ಹಾಗಾದರೆ ನಿನ್ನ ಮೇಲೆ ಸಿಟ್ಟಿಲ್ಲ, ಆರಾಮಾಗಿರು. ಈಗ ವಾಪಸ್ ಹೋಗಿ ಆ ಟವೆಲ್ ಎತ್ತಿಬಿಡು. ಕಿಟಕಿ ಪಕ್ಕ ಕೂತು ಗಾಳಿ ತಗೊಂಡು ಹಾಯಾಗಿ ಹೋಗಲಿ ಅವರು. ನಾನು ಮುಂದಿನ ಬಸ್ಸಿಗೆ ಬರ್ತೀನಂತೆ ಅಂತ ಹೇಳು."